ಮೂರನೇ ಮಹಡಿಯಿಂದ ದೋಣಿ ಕರೆದವರು

ಮಯೂರ್ ವಿಹಾರ್‌ನ ಮಾರ್ಕೆಟ್ಟಿನಲ್ಲಿ ನಮ್ಮವರ ಇಡ್ಲಿ ದೋಸೆಯ ಹೋಟೆಲು ಚೆನ್ನಾಗಿಯೇ ನಡೆಯುತ್ತಿತ್ತು. ಅಂಥ ಹೊತ್ತಿನಲ್ಲಿ ತಮ್ಮ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟು, ಬಂದದ್ದನ್ನೆಲ್ಲ ಊರ ಕಡೆಯ ಒಂದು ಕುದ್ರುವಿನ ಮೇಲೆ ಹಾಕುತ್ತೇನೆ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

"ದಿಲ್ಲಿಯಷ್ಟು ದೊಡ್ಡ ನೆಲ ಸಾಲದೇ ಹೋಯ್ತಾ ನಿಮಗೆ, ನೀರೊಳಗೆ ಹಣ ಹಾಕೋಕೆ?" ಎಂದೆ.

ಕುದ್ರು ಎಂದರೆ ಹೊಳೆ ಕಡಲು ಸೇರುವ ಮುಂಚೆ ನಡುವೆ ಉಳಿದುಕೊಂಡ ನಡುಗಡ್ಡೆ. ನಮ್ಮವರು ಕರಾವಳಿಯವರೇನೋ ಹೌದು, ಆದರೆ ಪೇಟೆಯಲ್ಲಿ ಬೆಳೆದವರು. ಆ ಕುದ್ರುವನ್ನು ಅವರು ನೋಡಿದ್ದೇ ಒಂದು ಮಧ್ಯಾಹ್ನ, ಯಾರದೋ ಮದುವೆಗೆ ಹೋದಾಗ. ನಾನು ಮೈಸೂರು ಕಡೆಯವಳು. ನೀರು ನಲ್ಲಿಯಲ್ಲಿ ಬರಬೇಕು, ಬಕೆಟ್ಟಿನಲ್ಲಿ ನಿಲ್ಲಬೇಕು, ಅದರಾಚೆ ಅದರ ಸಹವಾಸ ನನಗೆ ಬೇಡ. ಆದರೆ ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮನುಷ್ಯ ಮೊದಲ ಬಾರಿ ತನಗಾಗಿ ಏನನ್ನೋ ಕೇಳುತ್ತಿದ್ದರು. ಬೈದುಕೊಂಡೇ ಹೊರಟೆ.

ಅಲ್ಲಿಗೆ ಸೇತುವೆ ಇರಲಿಲ್ಲ. ಮನೆ ಕಟ್ಟುವ ಕೆಂಪುಕಲ್ಲು, ಸಿಮೆಂಟು, ಮರಳು ಎಲ್ಲವೂ ದೋಣಿಯಲ್ಲೇ ದಾಟಬೇಕು. ನನ್ನ ಫ್ರಿಜ್ಜನ್ನು ಎರಡು ದೋಣಿ ಜೋಡಿಸಿ ಕಟ್ಟಿ ತಂದ ದಿನ ಕುದ್ರುವಿನವರೆಲ್ಲ ದಂಡೆಗೆ ಬಂದು ನಿಂತಿದ್ದರು. ದೋಣಿ ಹತ್ತಲು ಕಟ್ಟೆಯೂ ಇಲ್ಲ. ಮೊಣಕಾಲುದ್ದ ನೀರಿಗೆ ಇಳಿದು ಹತ್ತಬೇಕು. ನಮ್ಮವರು ಪಂಚೆಯ ಅಂಚನ್ನು ಎಡಗೈಯಲ್ಲಿ ಒಟ್ಟುಗೂಡಿಸಿ ಮೊಣಕಾಲಿನ ಮೇಲಕ್ಕೆ ಎತ್ತಿಕೊಂಡು, ಮಗುವಿನ ಹಾಗೆ ನಗುತ್ತಾ ಇಳಿಯುತ್ತಿದ್ದರು. ನಾನು ಸೀರೆ ನೆನೆಸಿಕೊಂಡು ಅವರ ವಂಶವನ್ನೆಲ್ಲ ನೆನೆಯುತ್ತಿದ್ದೆ.

ದೋಣಿಯವನ ಮನೆ ಇದ್ದದ್ದು ಕುದ್ರುವಿನಲ್ಲೇ, ನಮ್ಮ ತೋಟದ ಪಕ್ಕ. ನಾವು ಪೇಟೆಯಿಂದ ಸಾಮಾನು ಹೊತ್ತು ಬಂದರೆ ಈಚೆ ದಡದಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು "ಕೂ..." ಹಾಕಬೇಕು. ಆಚೆಯಿಂದ "ಓ..." ಎಂದು ಅವನು ಓಗೊಡುತ್ತಾನೆ. ಓಗೊಟ್ಟ ಮೇಲೆ ಮುಗಿಯಿತು, ಸುಮ್ಮನೆ ಕೂತು ಕಾಯಬೇಕು. ಒಮ್ಮೆ ಬಿಸಿಲಿಗೆ ತಲೆ ಸಿಡಿದು ನಾನು ಮತ್ತೆ ಮತ್ತೆ ಕೂ ಹಾಕಿದ್ದೆ. ಅವನು ದೋಣಿ ತಂದವನು ಮುಖ ಊದಿಸಿಕೊಂಡೇ ಹುಟ್ಟು ಹಾಕಿದ. ಇಳಿಯುವಾಗ ಹೇಳಿದ: "ಓ ಅಂದ್ ಮೇಲೆ ಬಪ್ಪುದೇ ಅಮ್ಮಾ. ಮತ್ತೊಂದ್ ಸಲ ಕೂ ಹಾಕುಕಾಗ."

ಕರೆದವರು ನಂಬಬೇಕು, ಓಗೊಟ್ಟವನು ಬರಬೇಕು. ಕುದ್ರುವಿನ ಕಾಯಿದೆ ಅಷ್ಟೇ.

ಅತಿಥಿಗಳಿಗೆಂದು ಎರಡು ಕೋಣೆ ಕಟ್ಟಿಸಿದೆವು. ದಿಲ್ಲಿಯಿಂದ ಬಂದವರು ನೆಟ್‌ವರ್ಕ್ ಸಿಗದೆ ಒದ್ದಾಡಿ, ಎರಡನೇ ದಿನಕ್ಕೆ ಮೊಬೈಲು ಮರೆತು, ಹೊರಡುವಾಗ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ನಮ್ಮವರು ಹೊಸ ತೆಂಗಿನ ಸಸಿ ನೆಟ್ಟರು. ಬೇಸಗೆಯಲ್ಲಿ ಬಾವಿಯ ನೀರು ಉಪ್ಪಾಗಿ, ಕುಡಿಯುವ ನೀರೂ ದೋಣಿಯಲ್ಲಿ ಬರುವಾಗ ನಾನು ದಿಲ್ಲಿಯ ನಲ್ಲಿಯನ್ನು ಹೊಗಳುತ್ತಿದ್ದೆ. ಹಾಗೆ ಬೈಯುತ್ತಾ ಬೈಯುತ್ತಾ ನನಗೂ ಅಲ್ಲಿ ಬೇರು ಬಂತು. ನನ್ನ ಜೀವನದ ಒಳ್ಳೆಯ ದಿನಗಳು ಅವೇ ಆಗಿದ್ದವು.

ಆಮೇಲೆ ಅವರಿಗೆ ಮರೆವು ಶುರುವಾಯಿತು. ಮೊದಲು ಅತಿಥಿಗಳ ಹೆಸರು, ಆಮೇಲೆ ಊಟ ಮಾಡಿದ್ದು. ಒಂದು ದಿನ ಇಳಿತದ ಹೊತ್ತಿನಲ್ಲಿ ಹೊಳೆಯ ಕೆಸರಿಗೆ ಇಳಿದು ನಡೆಯುತ್ತಾ ಹೋಗಿಬಿಟ್ಟರು. ಸೊಂಟದವರೆಗೆ ಹೂತವರನ್ನು ದೋಣಿಯವನು ಹಗ್ಗ ಹಾಕಿ ಎಳೆದು ತಂದ. ನೋಯ್ಡಾದಲ್ಲಿರುವ ಮಗಳು ಮರುದಿನವೇ ವಿಮಾನ ಹತ್ತಿ ಬಂದಳು. "ಸ್ವಲ್ಪ ದಿನ ಚೆಕಪ್‌ಗೆ ಹೋಗಿ ಬರೋಣ" ಎಂದು ಅವರಿಗೆ ಹೇಳಿ ಹೊರಡಿಸಿದೆವು. ಮಯೂರ್ ವಿಹಾರ್‌ನ ಸೊಸೈಟಿಯ ಹಳೇ ಫ್ಲಾಟಿಗೇ ಬಂದೆವು. ಮೂರನೇ ಮಹಡಿ, ಬಾಲ್ಕನಿಯ ಎದುರು ರಸ್ತೆ, ಅದರಾಚೆ ಯಮುನೆಯ ಬಯಲಿನ ತರಕಾರಿ ಗದ್ದೆಗಳು. "ಕುದ್ರುವಿಗೆ ಯಾವಾಗ?" ಎಂದು ದಿನಾ ಕೇಳುತ್ತಿದ್ದರು. "ನಾಳೆ" ಎನ್ನುತ್ತಿದ್ದೆ. ಮರೆವಿನವರಿಗೆ ನಾಳೆ ಎನ್ನುವುದು ಸುಲಭ.

ಆ ಮಳೆಗಾಲ ಯಮುನೆ ಉಕ್ಕಿ ಬಂದಳು. ಒಂದು ಸಂಜೆ ನೋಡಿದರೆ ಗದ್ದೆಗಳೇ ಇಲ್ಲ, ರಸ್ತೆಯ ಅಂಚಿನವರೆಗೂ ಕಂದು ನೀರು. ಬಯಲಿನವರೆಲ್ಲ ಎಮ್ಮೆ, ಮಂಚ, ಮಕ್ಕಳ ಸಮೇತ ರಸ್ತೆ ಬದಿಯಲ್ಲಿ ಟಾರ್ಪಾಲು ಕಟ್ಟಿಕೊಂಡಿದ್ದರು. ಬಾಲ್ಕನಿಗೆ ಬಂದ ನಮ್ಮವರು ನೀರನ್ನು ಕಂಡು ಅಲ್ಲೇ ನಿಂತರು. ಎಷ್ಟೋ ತಿಂಗಳ ಮೇಲೆ ಮುಖ ಅರಳಿತು. ಬಾಯಿಗೆ ಕೈ ಅಡ್ಡ ಹಿಡಿದು "ಕೂ..." ಹಾಕಿದರು.

ಯಾರು ಓಗೊಡಬೇಕು? ಮತ್ತೆ ಹಾಕಿದರು. ಮತ್ತೆ ಮತ್ತೆ. ದನಿ ಒಡೆಯಿತು, ಕಣ್ಣು ಕೆಂಪಾಯಿತು, ನಾನು ಕೈ ಹಿಡಿದು ಎಳೆದರೆ ದೂಡಿದರು. ಅಷ್ಟರಲ್ಲಿ ಕೆಳಗಿನ ಟಾರ್ಪಾಲಿನಿಂದ ಒಬ್ಬ ಹೆಂಗಸು ತಲೆ ಹೊರಗೆ ಹಾಕಿ ಸಿಡುಕಿದಳು: "ಓ...! ಕ್ಯಾ ಹೈ?"

ಅವರು ತಟ್ಟನೆ ನಿಲ್ಲಿಸಿದರು. ಕುರ್ಚಿ ಎಳೆದು ನೀರಿಗೆ ಮುಖ ಮಾಡಿ ಕೂತರು. "ಬರ್ತಾನೆ" ಎಂದರು ನನಗೆ, ಶಾಂತವಾಗಿ.

ನೀರು ಇಳಿದು ಹೋಯಿತು, ಟಾರ್ಪಾಲಿನವರೂ ಹೋದರು, ಆದರೆ ಸಂಜೆಯ ಕೂಗು ನಿಲ್ಲಲಿಲ್ಲ. ಪಕ್ಕದ ಫ್ಲಾಟಿನವರು ಮೊದಮೊದಲು ಮರುಗಿದರು, ಆಮೇಲೆ ಗೊಣಗಿದರು. ನಮ್ಮವರು ಕೂ ಹಾಕಲು ಶುರುಮಾಡಿದರೆ ನಾನು ಬಾಗಿಲು ಎಳೆದುಕೊಂಡು, ಮೆಟ್ಟಿಲಿಳಿದು, ಕೆಳಗಿನ ಪಾರ್ಕಿನ ಬೇವಿನ ಮರದ ಹಿಂದೆ ನಿಂತು, ಗಂಡುದನಿ ಮಾಡಿ "ಓ..." ಎನ್ನುತ್ತಿದ್ದೆ. ಗೇಟಿನ ವಾಚ್‌ಮನ್ ಭಯ್ಯಾ ನನಗೂ ತಲೆ ಕೆಟ್ಟಿತೆಂದು ತಿಳಿದಿರಬೇಕು. ಮೇಲೆ ಹೋಗುವ ಹೊತ್ತಿಗೆ ಅವರು ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಕತ್ತಲಾಗುವವರೆಗೂ ಕಾಯುತ್ತಿದ್ದರು. ನಾನು ಓಗೊಟ್ಟ ಮೇಲೆ ಒಮ್ಮೆಯೂ ಎರಡನೇ ಸಲ ಕರೆಯಲಿಲ್ಲ. ಆ ನಂಬಿಕೆಯನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. "ನಾಳೆ" ಎಂದದ್ದು ಬೇರೆ. ಇದು ಓಗೊಟ್ಟದ್ದು.

ಕೊನೆಗೆ ಮಗಳಿಗೆ ಹೇಳಿದೆ, ಕರೆದುಕೊಂಡು ಹೋಗುತ್ತೇನೆ ಎಂದು.

"ಅಮ್ಮಾ, ಪಾಗಲ್ ಹೋ ಕ್ಯಾ? ಅಲ್ಲಿ ಡಾಕ್ಟರ್ ಇಲ್ಲ, ಕುಛ್ ನಹೀ ಹೈ. ಪಾಪಾಗೆ ಯಾವ ಜಾಗ ಅಂತಾನೂ ಪತಾ ನಹೀ!"

"ಅವರಿಗೆ ಅದೊಂದೇ ಗೊತ್ತಿರೋದು ಕಣೇ" ಎಂದೆ.

ದೋಣಿಯವನು ಪೇಟೆ ಕಡೆ ಬಂದಿರುವ ಹೊತ್ತು ನೋಡಿ ಅವನಿಗೆ ಫೋನ್ ಮಾಡಿದೆ. "ಕರ್ಕಂಡ್ ಬನ್ನಿ ಅಮ್ಮಾ, ನಾನಿದ್ನಲೆ" ಎಂದ. ಮಗಳು ಅತ್ತಳು, ಜಗಳವಾಡಿದಳು, ಆಮೇಲೆ ತಾನೇ ದೀಪಾವಳಿ ಕಳೆದ ಮೇಲಿನ ಟಿಕೆಟ್ಟು ಮಾಡಿಸಿದಳು. ನಾನು ಅವರ ಪಂಚೆಗಳನ್ನು ಒಗೆದು ಮಡಚಿಟ್ಟೆ.

ದೀಪಾವಳಿಯ ಜೊತೆಗೇ ದಿಲ್ಲಿಯ ಹೊಗೆಯೂ ಬಂತು. ಬಾಲ್ಕನಿಯಿಂದ ಎದುರಿನ ರಸ್ತೆಯೇ ಕಾಣದಾಯಿತು. ಅವರಿಗೆ ಕೆಮ್ಮು ಹಿಡಿದು, ಎದೆ ಕಟ್ಟಿ, ಆಸ್ಪತ್ರೆ ಸೇರಿದರು. ಕೆಲವು ದಿನದ ಮೇಲೆ ಡಾಕ್ಟರು ನನ್ನನ್ನೂ ಮಗಳನ್ನೂ ಕೂರಿಸಿ, ಮನೆಗೆ ಕರೆದುಕೊಂಡು ಹೋಗಿ ಎಂದರು. ಅದರ ಅರ್ಥ ನಮಗೆ ಗೊತ್ತಾಯಿತು. ಆಕ್ಸಿಜನ್ ಮೆಷಿನ್ನಿನ ಜೊತೆ ಮನೆಗೆ ತಂದು, ಬಾಲ್ಕನಿಗೆ ಮುಖಮಾಡಿ ಮಂಚ ಹಾಕಿದೆವು. ಟಿಕೆಟ್ಟಿನ ದಿನ ಕಳೆದುಹೋಯಿತು.

ಒಂದು ಸಂಜೆ, ಅದೇ ಹೊತ್ತಿಗೆ, ಅವರ ಕೈ ಬಾಯಿಯ ಕಡೆ ಎದ್ದಿತು. ತುಟಿ ದುಂಡಗಾಯಿತು. ದನಿ ಹೊರಡಲಿಲ್ಲ.

ನಾನು ಕೆಳಗೆ ಓಡಲಿಲ್ಲ. ದನಿ ಬದಲಿಸಲೂ ಇಲ್ಲ. ಪಕ್ಕದಲ್ಲೇ ಕೂತು, ನನ್ನ ದನಿಯಲ್ಲೇ "ಓ..." ಎಂದೆ. ಅವರು ನನ್ನ ಕಡೆ ನೋಡಿದರು. ಕೈ ಕೆಳಗಿಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಎಡಗೈ ಹೊದಿಕೆಯ ಅಂಚನ್ನು ಹುಡುಕಿತು. ಅದನ್ನು ನಿಧಾನವಾಗಿ ಒಟ್ಟುಗೂಡಿಸಿ ಮೊಣಕಾಲಿನ ಮೇಲಕ್ಕೆ ಎತ್ತಿಕೊಂಡರು. ಮಗಳು ಬಂದು ಹೊದಿಕೆ ಎಳೆದು ಪಾದ ಮುಚ್ಚಿದಳು. ಅವರು ಮತ್ತೆ ಎತ್ತಿಕೊಂಡರು.

"ಪಾಪಾಗೆ ಠಂಡ್ ಲಗ್ ಜಾಯೇಗಿ, ಅಮ್ಮಾ" ಎಂದು ಅವಳು ಮತ್ತೆ ಕೈ ಹಾಕಿದಳು.

ನಾನು ಅವಳ ಕೈ ಹಿಡಿದುಕೊಂಡೆ.

"ಇರಲಿ ಬಿಡೇ" ಎಂದೆ. "ಪಂಚೆ ಒದ್ದೆಯಾಗುತ್ತೆ."