ದನಿ ತಗ್ಗಿಸದೆ ಹೇಳಿದ ಮಾತು

ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ತಾಂಡೂರಿನ ಬಸ್ಸಿನ ಹಿಂದೆ ಓಡುತ್ತಿದ್ದಾಗಲೇ ನನ್ನ ಸೀರೆ ಒದ್ದೆಯಾಯಿತು. ಎರಡನೇ ಹೆರಿಗೆಯಾದ ಮೇಲೆ ಕೆಮ್ಮಿದರೂ ನಕ್ಕರೂ ಮೂತ್ರ ಸೋರುತ್ತಿತ್ತು. ಆದರೆ ಇಷ್ಟು ಜನರ ನಡುವೆ ಹೀಗಾದದ್ದು ಅದೇ ಮೊದಲು. ಬಸ್ಸು ಹೋಗಿಬಿಟ್ಟಿತು. ನಾನು ಗೋಡೆಗೆ ಬೆನ್ನು ಹಚ್ಚಿ ನಿಂತು ಅಳತೊಡಗಿದೆ.

ಪೆದ್ದೆಮುಲ್ ಕಡೆಯ, ಕುರಿ ಸಾಕುವ ಹಿರಿಯ ಹೆಂಗಸೊಬ್ಬಳು ಹತ್ತಿರ ಬಂದು ತನ್ನ ಶಾಲನ್ನು ನನ್ನ ಸೊಂಟಕ್ಕೆ ಸುತ್ತಿ, ಸುತ್ತಲಿನವರಿಗೂ ಕೇಳುವಂತೆ ಹೇಳಿದಳು:

“ಅಳಬ್ಯಾಡವ್ವ. ನಂದು ಗರ್ಭಕೋಶನೇ ಕೆಳಗ ಜಾರಿತ್ತು. ದವಾಖಾನ್ಯಾಗ ಕಸರತ್ತು ಕಲಿಸಿದ್ರು. ಈಗ ದಿನಾ ಕುರಿ ಹಿಂದ ಗುಡ್ಡ ಹತ್ತತೀನಿ ನೋಡು!”

ಅಲ್ಲೇ ಬೆಂಚಿನ ಮೇಲೆ ಕೂರಿಸಿ ಕಲಿಸಿಯೂ ಬಿಟ್ಟಳು. “ನೆಟ್ಟಗ ಕೂಡು. ಒಂದಕ್ಕ ತಡಕೊಂಡಂಗ ಒಳಗ ಬಿಗಿ ಹಿಡಿ, ಆಮ್ಯಾಲ ಪೂರಾ ಸಡಿಲ ಬಿಡು. ಉಸಿರು ಕಟ್ಟಬ್ಯಾಡ. ಡಾಕ್ಟರಮ್ಮಗೂ ಒಮ್ಮೆ ತೋರಿಸು.”

ಮರುದಿನವೇ ತೋರಿಸಿದೆ. ವೈದ್ಯೆಯೂ ಅದನ್ನೇ ಕಲಿಸಿದರು. ಬಿಂದಿಗೆ ಎತ್ತುವಾಗ ಮೊಣಕಾಲು ಬಗ್ಗಿಸಿ, ಉಸಿರು ಹೊರಬಿಡುತ್ತ ಏಳಬೇಕೆಂದರು. ಕಸರತ್ತನ್ನು ಒಂದು ದಿನವೂ ತಪ್ಪಿಸದೆ ಮಾಡಿದೆ. ನಾಲ್ಕು ತಿಂಗಳ ನಂತರ, ನಾರಾಯಣಖೇಡದಲ್ಲಿ ಮಗಳ ಶಾಲೆಯ ಆಟೋಟದ ದಿನ ತಾಯಂದಿರ ಓಟವಿತ್ತು. ಸೆರಗು ಬಿಗಿದು ಓಡಿದೆ. ಎರಡನೆಯವಳಾಗಿ ಗೆರೆ ದಾಟಿ, ಮಗಳನ್ನು ಎತ್ತಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಒಂದು ಹನಿಯೂ ಸೋರಲಿಲ್ಲ!

ಆಕೆಯ ಹೆಸರನ್ನೂ ನಾನು ಕೇಳಿರಲಿಲ್ಲ. ಆದರೆ ಮೊನ್ನೆ ನಮ್ಮ ಓಣಿಯ ಹೆಂಗಸರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಹಾಡುಹಗಲೇ, ಆಕೆಯಂತೆಯೇ ದನಿ ತಗ್ಗಿಸದೆ ಎಲ್ಲವನ್ನೂ ಹೇಳಿಕೊಟ್ಟೆ.