ಬಾಯಿಗೆ ತಂತಿ, ಪೆಟ್ಟಿಗೆಯೊಳಗೆ ಕಾಲು ಸೂಪು

ಹಲ್ಲಿಗೆ ಹಲ್ಲು ಕೂಡಲಿಲ್ಲ. ಮೊದಲು ಗೊತ್ತಾಗಿದ್ದು ಅದೇ.

ಕರು ಕಟ್ಟಲು ಬಗ್ಗಿದ್ದೆ. ಅದು ತಲೆ ಎತ್ತಿತು. ಅದರ ನೆತ್ತಿ ನನ್ನ ಗದ್ದಕ್ಕೆ ಢೀ ಎಂದು ಬಡಿಯಿತು. ಕರುವಿಗೆ ಏನೂ ಆಗಲಿಲ್ಲ, ತಿರುಗಿ ಹುಲ್ಲಿಗೆ ಬಾಯಿ ಹಾಕಿತು. ಬೈಯೋಣವೆಂದು ನಾನು ಬಾಯಿ ತೆರೆದರೆ ಬೈಗುಳದ ಬದಲು ರಕ್ತ ಬಂತು. ಮುಚ್ಚಿದರೆ ಮೇಲಿನ ಹಲ್ಲು ಒಂದು ಊರಿಗೆ, ಕೆಳಗಿನ ಹಲ್ಲು ಇನ್ನೊಂದು ಊರಿಗೆ.

ಅತ್ತೆ ಅರಿಶಿನದ ಡಬ್ಬಿ ಹಿಡಿದು ಬಂದರು. ಅವರಿಗೆ ಕಣ್ಣು ಮಂಜು, ನಾಲಿಗೆ ಮಾತ್ರ ಇನ್ನೂ ಚುರುಕು.

"ಏಳು ಬೀದಿಗೆ ಕೇಳ್ತಿತ್ತು ನಿನ್ನ ಬಾಯಿ. ಕೊನೇಗೆ ಕರೂಗೇ ಪೊರುಕ್ಕಲಿಲ್ಲ, ತಡ್ಕೊಳ್ಳೋಕಾಗಲಿಲ್ಲ ನೋಡು."

ಅವರು ಹೇಳಿದ್ದು ಸುಳ್ಳಲ್ಲ. ನಾನು ಮನೆ ಬಾಗಿಲಲ್ಲಿ ನಿಂತು ಮಾತಾಡಿದರೆ ದ್ರಾಕ್ಷಿ ತೋಟದ ಆ ತುದಿಯಲ್ಲಿ ಹಕ್ಕಿ ಏಳುತ್ತವೆ. ನಮ್ಮೂರು ಕೊಂಬೈಯಲ್ಲಿ ಯಾರನ್ನು ಬೇಕಾದರೂ ಕೇಳಿ. ಊರು ತಮಿಳುನಾಡಿನದು, ಮನೆಮಾತು ಮಾತ್ರ ಕನ್ನಡ.

ನನ್ನ ಯಜಮಾನರು, ಅವರ ಹೆಸರು ನಾನು ಹೇಳುವುದಿಲ್ಲ, ಇವರು ಎಂದರೆ ಸಾಕು, ತೇನಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಮ್ಯಾಂಡಿಬಲ್ ಎರಡು ಕಡೆ ಫ್ರಾಕ್ಚರ್. ಮೇಲಿನ ದವಡೆಗೂ ಕೆಳಗಿನ ದವಡೆಗೂ ಸೇರಿಸಿ ವೈರಿಂಗ್ ಮಾಡಬೇಕು. ಲಿಕ್ವಿಡ್ ಡಯಟ್ ಮಾತ್ರ.

"ಎಷ್ಟು ದಿವಸ ಸಾರ್?" ಇವರು ಕೇಳಿದರು.

"ಒಂದೂವರೆ ತಿಂಗಳು."

ಒಂದೂವರೆ ತಿಂಗಳು ನಾನು ಬಾಯಿ ತೆರೆಯುವ ಹಾಗಿಲ್ಲ.

ಇವರ ಮುಖ ನೋಡಿದೆ. ನಗು ತಡೆಯುತ್ತಿದ್ದಾರೆ ಎಂದುಕೊಂಡೆ. ಆಮೇಲೆ ನೋಡಿದರೆ ತುಟಿ ನಡುಗುತ್ತಿತ್ತು.

ಮನೆಗೆ ಕಳಿಸುವಾಗ ಡಾಕ್ಟರು ಒಂದು ಕಟ್ಟಿಂಗ್ ಪ್ಲೈಯರ್ ತೋರಿಸಿದರು. ಇಂಥದ್ದು ಒಂದು ಸದಾ ಹತ್ತಿರ ಇರಬೇಕು, ವಾಂತಿ ಬಂದರೆ ತಕ್ಷಣ ವೈರ್ ಕತ್ತರಿಸಬೇಕು, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ ಎಂದರು. ಬೇರೆ ಗಂಡಸರು ಅದನ್ನು ಕಪಾಟಿನಲ್ಲಿ ಇಡುತ್ತಿದ್ದರೇನೋ. ಇವರು ಉಡಿದಾರಕ್ಕೆ ಕಟ್ಟಿಕೊಂಡರು. ಸ್ನಾನಕ್ಕೆ ಹೋದರೂ ಬಿಚ್ಚಲಿಲ್ಲ.

ಮಾರ್ಗಳಿ ತಿಂಗಳು, ಧನುರ್ಮಾಸದ ಚಳಿ. ಬೆಟ್ಟದ ಕಡೆಯಿಂದ ಗಾಳಿ ಇಳಿದರೆ ನಮ್ಮ ಊರಲ್ಲಿ ಬೆಳಿಗ್ಗೆ ಎಣ್ಣೆ ಕೂಡ ಹೆಪ್ಪುಗಟ್ಟುತ್ತದೆ. ದವಡೆಯ ತಂತಿ ಐಸಿನ ಹಾಗೆ ತಣ್ಣಗೆ ಕೊರೆಯುತ್ತಿತ್ತು. ಕುಡಿಯಲು ಹಾಲು, ಜ್ಯೂಸು, ಮತ್ತೆ ಹಾಲು. ಬತ್ತಲಗುಂಡಿನಲ್ಲಿ ಮನೆ ಮಾಡಿರುವ ನಮ್ಮ ಮಗಳು ಸೆಲ್ವಿ ಭಾನುವಾರ ಬಂದು ಬಾಳೆಹಣ್ಣು ಅರೆದು ಕೊಟ್ಟು ಹೋಗುತ್ತಿದ್ದಳು. ಎಲ್ಲವೂ ಸಿಹಿ. ಸಿಹಿ ಲೋಟ ಕಂಡರೆ ಮುಖ ತಿರುಗಿಸುತ್ತಿದ್ದೆ. ಬೇಡ ಎಂದು ಕೈ ಆಡಿಸುತ್ತಿದ್ದೆ. ಬಳೆ ಮೊಳಕೈವರೆಗೆ ಏರತೊಡಗಿತು.

ಮತ್ತೆ ತೋರಿಸಲು ಹೋದಾಗ ಓಪಿಯಲ್ಲಿ ತೂಕ ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಹೀಗೇ ಇಳಿದರೆ ಮೂಳೆ ಕೂಡುವುದಿಲ್ಲ ಅಮ್ಮ. ಪ್ರೋಟೀನ್ ಬೇಕು. ಮುಂದಿನ ಸಲವೂ ಕಮ್ಮಿ ಬಂದರೆ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಬೇಕಾಗುತ್ತದೆ."

ಮೂಗಿಗೆ ಟ್ಯೂಬು. ಬಾಯಿಗೆ ತಂತಿ. ನನಗೆ ಹೆದರಿಕೆಯಾಯಿತು, ನಿಜವಾಗಿ ಹೆದರಿಕೆಯಾಯಿತು.

ಅವತ್ತೇ ಅತ್ತೆ ಆಜ್ಞೆ ಹೊರಡಿಸಿದರು. "ಆಡಿನ ಕಾಲು ಸೂಪು ಹಾಕು ಮಗನೆ. ಮೂಳೆಗೆ ಮೂಳೆ." ನೋಡಿ, ಉಪ್ಪಿನ ಜಾಡಿ ಎಲ್ಲಿದೆ ಎಂದು ಗೊತ್ತಿಲ್ಲದ ಮನುಷ್ಯ ಒಲೆ ಮುಂದೆ ನಿಂತರು.

ಕಾಲು ಸಿಗುವವರೆಗೆ ಮೊದಲ ಪ್ರಯೋಗ ನುಗ್ಗೆಸೊಪ್ಪಿನ ಸೂಪು. ತೋಟದ ಕೂಲಿಯವರಿಗೆ ಬೇಯಿಸುವ ಅಂಡೆಯಲ್ಲಿ, ಒಂದು ಮರದ ಸೊಪ್ಪು ಪೂರ್ತಿ. ಬಟ್ಟೆಯಲ್ಲಿ ಸೋಸಿ ತಂದರು. ಕೊನೆಯ ಹಲ್ಲಿನ ಹಿಂದೆ ಒಂದು ಸಂದು ಇರುತ್ತದೆ, ಕೆನ್ನೆಯ ಒಳಗಿಂದ ಸ್ಟ್ರಾ ಹೋಗುವುದು ಅಲ್ಲಿಗೇ. ಎರಡು ಸಲ ಎಳೆದೆ. ನಾರು ಸಿಕ್ಕಿಕೊಂಡು ನಿಂತಿತು. ಇವರು ಸ್ಟ್ರಾ ಎತ್ತಿ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

"ಸೊಟ್ಟು ಪೈಪು ಅಡೆಚ್ಚಂಗೆ ಅದೆ," ಎಂದರು. ಸೊಟ್ಟು ನೀರು ಎಂದರೆ ನಮ್ಮ ಕಡೆ ಡ್ರಿಪ್, ಅಡೆಚ್ಚದು ಎಂದರೆ ಕಟ್ಟಿಕೊಂಡದ್ದು. ಬೈಕ್ ಹತ್ತಿ ಹೋದರು. ಬಂದಾಗ ಕೈಯಲ್ಲಿ ದ್ರಾಕ್ಷಿ ತೋಟದ ಡ್ರಿಪ್ ಫಿಲ್ಟರಿಗೆ ಹಾಕುವ ಸ್ಟೀಲ್ ಜಾಲರಿ!

ಗೊಬ್ಬರದ ನೀರು ಸೋಸುವುದನ್ನು ತಂದು ನನಗೆ! ಕಣ್ಣಲ್ಲೇ ಕೊಲ್ಲುವ ಹಾಗೆ ನೋಡಿದೆ.

"ಹೊಸಾದು ನಾಗು, ಈಗ್ಲೇ ಅಂಗಡೀಲಿ ವಾಂಗಿದ್ದು. ಕೊದಿಯೋ ನೀರಲ್ಲಿ ಹಾಕಿ ತೆಗೀತೀನಿ. ಪೈಪು ಸಣ್ಣದಾದ್ರೆ ಜಾಲರೀನೂ ಸಣ್ಣದಿರ್ಬೇಕಲ್ಲ."

ಸೋಸಿದರು. ಹಸಿರು ನೀರು ಕಣ್ಣೀರಿನಷ್ಟು ತಿಳಿಯಾಗಿ ಇಳಿಯಿತು. ಸ್ಟ್ರಾ ಕಟ್ಟಲಿಲ್ಲ. ನಾನು ಸೋತೆ.

ಕಾಲು ಸೂಪಿಗೆ ಅಟ್ಟದ ಮೇಲಿಂದ ಚೂಡಾರಾಪೆಟ್ಟಿ ಇಳಿಯಿತು. ಕುಮಳಿಯಲ್ಲಿ ಎಂದೋ ಕೊಂಡದ್ದು, ಬಿಸಿ ಆರದ ಪೆಟ್ಟಿಗೆ. ಪಾತ್ರೆಯನ್ನು ಚೆನ್ನಾಗಿ ಕುದಿಸಿ ಒಳಗಿಟ್ಟು ಮುಚ್ಚಿದರೆ ಬೆಂಕಿಯಿಲ್ಲದೆ ತಾನೇ ಬೇಯುತ್ತಿರುತ್ತದೆ. ನಾನು ಅದರಲ್ಲಿ ಹುಣಸೆಹಣ್ಣು ತುಂಬಿಟ್ಟಿದ್ದೆ. ಇವರು ಬೆಳಿಗ್ಗೆ ಸುಟ್ಟು ತೊಳೆದ ಕಾಲನ್ನು ಸಣ್ಣ ಈರುಳ್ಳಿ, ಮಲೆ ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕೊತ್ತಂಬರಿ ಬೀಜದ ಜೊತೆ ಕುದಿಸಿ, ಪೆಟ್ಟಿಗೆಗೆ ಇಳಿಸಿ, ತೋಟಕ್ಕೆ ಹೋಗುತ್ತಿದ್ದರು. ಮಧ್ಯಾಹ್ನ ಬಂದು ತೆರೆದರೆ ಮೂಳೆಯ ಸಾರವೆಲ್ಲ ನೀರಿಗೆ ಇಳಿದು, ಬೆರಳಿಗೆ ಅಂಟುವ ಹಾಗೆ ಆಗಿರುತ್ತಿತ್ತು. ಮತ್ತೊಂದು ಕುದಿ ಕುದಿಸಿ, ಜಾಲರಿಯಲ್ಲಿ ಸೋಸಿ, ಸಣ್ಣ ಲೋಟದಲ್ಲಿ ತರುತ್ತಿದ್ದರು. ಒಂದು ಲೋಟ. ಸ್ವಲ್ಪ ಹೊತ್ತಿಗೆ ಇನ್ನೊಂದು.

"ಬಳ್ಳಿಗೆ ಒಂದೇ ಸಲ ಕೊಟ್ರೆ ನೆಲ ಕುಡೀತದೆ, ಬೇರು ಕುಡಿಯೋಲ್ಲ," ಎನ್ನುತ್ತಿದ್ದರು. ನಾನು ಬಳ್ಳಿಯಾಗಿಬಿಟ್ಟೆ. ಆದರೂ ಆ ಬಿಸಿ ಗಂಟಲಿಂದ ಹೊಟ್ಟೆಗೆ ಇಳಿದು, ಅಲ್ಲಿಂದ ಕಾಲ ಬೆರಳಿನವರೆಗೆ ಹೋಗುವಾಗ, ಎಂಥ ಸುಖ ಅಂತೀರಿ! ಚಳಿಗೆ ಹೊದ್ದ ಕಂಬಳಿಯೂ ಅಷ್ಟು ಕೊಡುವುದಿಲ್ಲ.

ಚಮಚದಿಂದ ತಟ್ಟೆಗೆ ಒಂದು ಸಲ ಬಡಿದರೆ ಉಪ್ಪು ಕಮ್ಮಿ, ಎರಡು ಸಲ ಬಡಿದರೆ ಖಾರ ಜಾಸ್ತಿ. ಇದು ನಮ್ಮ ಭಾಷೆ. ಹಲ್ಲು ಕಚ್ಚಿಕೊಂಡೇ ಗೊಣಗಲು ಬರುತ್ತಿತ್ತು, ಆದರೆ ಚಮಚಕ್ಕೆ ಜೋರು ಹೆಚ್ಚು.

ಒಂದು ದಿನ ಹುರುಳಿ ಸೂಪಿಗೆ ಮೆಣಸು ಕೈ ತಪ್ಪಿ ಬಿತ್ತು. ಲೋಟ ಹತ್ತಿರ ಬಂದದ್ದೇ ತಡ, ಸೀನು. ತಂತಿ ಕಟ್ಟಿದ ಬಾಯಲ್ಲಿ ಸೀನುವುದು ವೈರಿಗೂ ಬೇಡ. ತಲೆಯೇ ಬಿರಿದ ಹಾಗಾಯಿತು. ಮುಂದಕ್ಕೆ ಬಗ್ಗಿ ಗದ್ದ ಹಿಡಿದುಕೊಂಡೆ. ಇವರು ವಾಂತಿಯೆಂದು ತಿಳಿದು, ಪ್ಲೈಯರ್ ಕಿತ್ತು, ಒಂದು ಕೈಯಲ್ಲಿ ನನ್ನ ತುಟಿ ಎತ್ತಿದರು. ಒಂದು ತಂತಿ ಕತ್ತರಿಸಿದ್ದರೂ ಮತ್ತೆ ಆಸ್ಪತ್ರೆ, ಮತ್ತೆ ಮೊದಲಿಂದ. ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಅವರು ಬಿಡುತ್ತಿಲ್ಲ. ನಾನು ಬಿಡುತ್ತಿಲ್ಲ.

"ಸೀನು ಕಣೋ ಅದು!" ಅತ್ತೆ ಕುಳಿತಲ್ಲಿಂದ ಕೂಗಿದರು. "ಕಣ್ಣು ಕಾಣದ ನನಗೇ ತೆರಿಯುತ್ತೆ, ನಿನಗೆ ತೆರಿಯಲ್ವಾ?"

ಇವರು ನೆಲದ ಮೇಲೆ ಕುಸಿದು ಕುಳಿತರು. ಮುಖದಲ್ಲಿ ಬೆವರು. ನನಗೋ ನಗು. ನಕ್ಕರೆ ನೋವು, ನೋವಿಗೆ ಕಣ್ಣೀರು, ಕಣ್ಣೀರು ನೋಡಿ ಇವರು ಮತ್ತೆ ಎದ್ದು ಪ್ಲೈಯರ್ ಹುಡುಕಿದರು.

ಪೊಂಗಲ್ ಹತ್ತಿರ ಬಂದಾಗ, ನಮ್ಮ ಬೀದಿಯ ಗುರುಸಾಮಿ ಬಾಗಿಲಿಗೆ ಬಂದರು. ತೈಪೂಸದ ಹಬ್ಬಕ್ಕೆ ಊರಿನ ತಂಡವನ್ನು ಪಳನಿಯ ಮುರುಗನ್ ಬೆಟ್ಟಕ್ಕೆ ನಡೆಸಿಕೊಂಡು ಹೋಗುವವರು. ಹಸಿರು ಪಂಚೆ, ಕೊರಳಲ್ಲಿ ವ್ರತದ ಮಾಲೆ. ಒಳಗಿಂದ ಕಾಲು ಸೂಪಿನ ವಾಸನೆ ಬಂದದ್ದಕ್ಕೆ ಹೊಸ್ತಿಲಾಚೆಯೇ ನಿಂತರು.

"ಹಾಗಾದ್ರೆ ಈ ವರ್ಷ ನೀ ಇಲ್ಲ?"

"ಇಲ್ಲ ಸಾಮಿ," ಎಂದರು ಇವರು.

ಆಗ ನನಗೆ ಹೊಳೆಯಿತು. ಇವರ ಕೊರಳು ಖಾಲಿ.

ಮದುವೆಗೆ ಮುಂಚಿನಿಂದಲೂ ಒಂದು ವರ್ಷ ತಪ್ಪದೆ ನಡೆದವರು. ಮಾರ್ಗಳಿ ಹುಟ್ಟಿತೆಂದರೆ ಮಾಲೆ. ಮಾಲೆ ಹಾಕಿದ ಮನೆಯಲ್ಲಿ ಮಾಂಸ ಒಲೆಗೆ ಏರಕೂಡದು. ಇಷ್ಟು ದಿನ ಕಾಲು ಸೂಪು ಕುಡಿಯುತ್ತ ಕುಡಿಯುತ್ತ ನಾನು ಆ ಕೊರಳನ್ನು ನೋಡಿರಲೇ ಇಲ್ಲ. ಇವರೂ ಒಂದು ಮಾತು ಹೇಳಿರಲಿಲ್ಲ.

ಗುರುಸಾಮಿ ಹೋದ ಮೇಲೆ ಹಲ್ಲಿನ ಸಂದಿಯಿಂದ ಕೇಳಿದೆ. "ಮಾಲೆ?"

ಇವರು ಜಾಲರಿ ತೊಳೆಯುತ್ತಲೇ ಹೇಳಿದರು. "ಮುರುಗನ್ ಬೆಟ್ಟದ ಮೇಲೇ ಇರ್ತಾನೆ, ಎಲ್ಲೂ ಹೋಗೋಲ್ಲ. ಸೂಪು ಆರಿ ಹೋಯ್ತದೆ, ಕುಡಿ."

ಕುಡಿದೆ. ಅಳು ಬಂತು. ಬಾಯಿ ಕಟ್ಟಿದ್ದರೆ ಅಳುವುದು ಬಹಳ ಕಷ್ಟ, ಮೂಗು ಕಟ್ಟಿಕೊಂಡು ಉಸಿರಿಗೆ ದಾರಿಯೇ ಇರುವುದಿಲ್ಲ. ಚಮಚದಿಂದ ತಟ್ಟೆಗೆ ಬಡಿಯುವುದಕ್ಕೂ ಮನಸ್ಸು ಬರಲಿಲ್ಲ, ಉಪ್ಪು ಕಮ್ಮಿಯೇ ಇತ್ತು.

ಮುಂದಿನ ಸಲ ತೂಕ ಇಳಿದಿರಲಿಲ್ಲ. ಏರಿತ್ತು. "ಟ್ಯೂಬ್ ಬೇಡ. ಏನು ಕೊಡ್ತಿದ್ದೀರಿ?" ಎಂದು ಡಾಕ್ಟರು ಕೇಳಿದ್ದೇ ತಪ್ಪಾಯಿತು. ಇವರು ಫಿಲ್ಟರಿನಿಂದ ಶುರು ಮಾಡಿ ಬಳ್ಳಿ, ಬೇರು, ಪೆಟ್ಟಿಗೆ ಎಂದು ಹೇಳುತ್ತ ಹೋದರು. ಹೊರಗೆ ಕ್ಯೂ ಬೆಳೆಯುತ್ತಿತ್ತು.

ತಂತಿ ಬಿಚ್ಚಿದ ದಿನ ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯಿತು. ಮೂಳೆ ಕೂಡಿದೆ, ಮೆತ್ತಗಿನದು ತಿನ್ನಿ, ಮಾತು ನಿಧಾನವಾಗಿ ಬರುತ್ತದೆ ಎಂದರು. ನನ್ನ ತಲೆಯಲ್ಲಿ ಆಗಲೇ ಬೇರೆ ಲೆಕ್ಕ ಓಡುತ್ತಿತ್ತು. ಮನೆಗೆ ಹೋಗಿ ಬ್ಯಾಗು ಕಟ್ಟಿದೆ. ಸೆಲ್ವಿಯ ಮನೆಗೆ ಹೋಗೋಣ ಎಂದೆ. ಪೆಟ್ಟಿಗೆಯೂ ಬರಲಿ ಎಂದೆ. ಪಳನಿಗೆ ನಡೆಯುವವರು ಹೋಗುವುದು ಅವಳ ಮನೆ ಮುಂದಿನ ರಸ್ತೆಯಲ್ಲೇ.

ಕೆಲವು ದಿನ ಕಳೆದು, ನಡೆಯುವವರು ಬರುವ ಹಿಂದಿನ ದಿನ ಸೆಲ್ವಿ ಪಕ್ಕದ ಮನೆಯಿಂದ ಇನ್ನೊಂದು ಪೆಟ್ಟಿಗೆ ತಂದಳು. ಅವಳಿಗೆ ನಮ್ಮ ಮಾತು ಪೂರ್ತಿ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ತಮಿಳಿನಲ್ಲಿ. "ಅಪ್ಪಾ, ಸೂಪರ್‌ಪ್ಪಾ!" ಎಂದು ರುಚಿ ನೋಡಿದಳು. ಹುರುಳಿ, ನುಗ್ಗೆಸೊಪ್ಪು, ಮೆಣಸು. ಈ ಸಲ ಮಾಂಸದ ಮಾತಿಲ್ಲ. ಉಪ್ಪನ್ನು ನಾನೇ ಹಾಕಿದೆ.

ಬೆಳಗಿನ ಮಂಜಿನಲ್ಲಿ ನಡೆಯುವವರು ಬಂದರು. ಇವರು ಮಿಂದು, ಪೆಟ್ಟಿಗೆ ತೆರೆದು, ಹಬೆಯಾಡುವ ಸೂಪನ್ನು ಪೇಪರ್ ಕಪ್ಪಿಗೆ ಹಾಕಿ ಹಾಕಿ ಕೊಟ್ಟರು. ಕೊಂಬೈಯ ತಂಡವೂ ಬಂತು. ಗುರುಸಾಮಿ ಕಪ್ಪು ಹಿಡಿದು ಕೈ ಕಾಯಿಸಿಕೊಂಡರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಇವರು ಮಾತ್ರ ನಡೆಯುವವರ ಪಾದ ನೋಡುತ್ತಿದ್ದರು.

ನಾನು ಬ್ಯಾಗಿನಿಂದ ಹಸಿರು ಪಂಚೆ ತೆಗೆದೆ. ಕೊಂಬೈಯಿಂದಲೇ ಮಡಿಸಿ ತಂದಿದ್ದೆ.

"ಎನ್ನಂಗ, ರೀ, ಇಲ್ಲಿಂದಾದ್ರೂ ನಡೀರಿ."

"ಮಾಲೆ ಇಲ್ಲ. ವ್ರತ ಇಲ್ಲ."

"ಇಷ್ಟು ದಿನ ಒಲೆ ಮುಂದೆ ನಿಂತದ್ದು ಇನ್ನೇನು?"

ಇವರು ಗುರುಸಾಮಿಯ ಕಡೆ ನೋಡಿದರು. ಗುರುಸಾಮಿ ಕಪ್ಪಿನ ತಳದ ಸೂಪನ್ನು ಕುಡಿದು ಮುಗಿಸಿ, "ಬಿಸಿಲು ಏರೋಕೆ ಮುಂಚೆ ಹೊರಡ್ಬೇಕು, ಬಾಪ್ಪಾ," ಎಂದರು.

ಇವರು ಒಳಗೆ ಹೋಗಿ ಪಂಚೆ ಉಟ್ಟು ಬಂದರು. ಬರಿಗಾಲು. ನನ್ನೆದುರು ನಿಂತು ಸೊಂಟಕ್ಕೆ ಕೈ ಹಾಕಿ, ಉಡಿದಾರದ ಗಂಟು ಬಿಚ್ಚಿ, ಪ್ಲೈಯರ್ ತೆಗೆದು ನನ್ನ ಕೈಯಲ್ಲಿಟ್ಟರು. ತಂತಿ ಹೋಗಿ ಕೆಲವು ದಿನವಾಗಿತ್ತು. ಅದನ್ನು ಇನ್ನೂ ಕಟ್ಟಿಕೊಂಡೇ ಇದ್ದರು. ಮೈಯ ಬಿಸಿಗೆ ಬೆಚ್ಚಗಿತ್ತು.

ತಂಡ ರಸ್ತೆಯ ತಿರುವಿಗೆ ಹೋಗಿತ್ತು. ನಾನು ಬಾಯಿ ತೆರೆದು, ಇದ್ದಷ್ಟು ಗಂಟಲಲ್ಲಿ ಕೂಗಿದೆ.

"ಸಂಜೆ ಬಿಸಿನೀರಲ್ಲಿ ಕಾಲಿಟ್ಕೊಳ್ಳೀ!"

ಬೇಲಿಯಿಂದ ಹಕ್ಕಿ ಎದ್ದವು. ಇವರು ತಿರುಗಿ ಕೈ ಎತ್ತಿದರು. ದವಡೆ ನೊಂದಿತು. ಪರವಾಗಿಲ್ಲ.