ಅವ್ವನಿಗಾಗಿ ತರಿಸಿದ ರೋಲು

ನಮ್ಮವ್ವ ಸತ್ತಳೆಂದು ಒಮ್ಮೆ ಇಚಲಕರಂಜಿಯಿಂದ ಟೆಂಪೊ ತುಂಬ ಜನ ಮಣ್ಣಿಗೆ ಬಂದಿದ್ದರು. ಅವರು ಬಂದಾಗ ಅವ್ವ ಬೇಡಕಿಹಾಳದ ನನ್ನ ತವರುಮನೆಯ ಕಟ್ಟೆಯ ಮೇಲೆ ಕೂತು ಚಹಾದಲ್ಲಿ ಟೋಸ್ಟ್ ಅದ್ದಿಕೊಂಡು ತಿನ್ನುತ್ತಿದ್ದಳು.

ಆದದ್ದೇನೆಂದರೆ, ನನ್ನ ಅಣ್ಣನ ಮಗ, ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಗಡ್ಡಮೀಸೆಯ ಗಂಡಸು, ಅಜ್ಜಿಯ ಮೇಲೆ ಪ್ರೀತಿ ಉಕ್ಕಿ ಮೊಬೈಲಿನಲ್ಲಿ ಅವಳ ಫೋಟೊ ತೆಗೆದು, ಅದಕ್ಕೊಂದು ಮರಾಠಿ ಹಾಡು ಹಚ್ಚಿ ಸ್ಟೇಟಸ್ ಇಟ್ಟಿದ್ದ. ತಾಯಿಯ ಮಮತೆಯ ಹಾಡು, ಆದರೆ ದನಿ ಅಳುವಂಥದ್ದು. ನಮ್ಮ ಕಡೆ ಮುದುಕರ ಫೋಟೊ ಮೇಲೆ ಅಂಥ ಹಾಡು ಬಂತೆಂದರೆ ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಟಾವೆಲ್ ಹೆಗಲಿಗೆ ಹಾಕಿಕೊಂಡು ಹೊರಟೇ ಬಿಡುತ್ತಾರೆ. ನಮ್ಮ ಚಿಕ್ಕಮ್ಮ ಟೆಂಪೊದಿಂದ ಎದೆ ಬಡಿದುಕೊಳ್ಳುತ್ತ ಇಳಿದವಳು ಅವ್ವನನ್ನು ಕಂಡು ಅರ್ಧಕ್ಕೇ ಬಾಯಿ ಮುಚ್ಚಿದಳು. ಬಂದವರೆಲ್ಲ ಊಟ ಮಾಡಿ ನಕ್ಕೊಂಡು ಹೋದರು. ಅವ್ವ ಮಾತ್ರ ನಗಲಿಲ್ಲ. ತನ್ನ ಮಾರಿ ಇನ್ನು ಊರೂರು ತಿರುಗುವುದು ಬೇಡ, ಯಾರಾದರೂ ತನ್ನ ಮುಂದೆ ಮೊಬೈಲ್ ಎತ್ತಿದರೆ ಎದ್ದು ಹೋಗುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಹೇಳಿದ್ದನ್ನು ಮಾಡುವ ಹೆಂಗಸು ಅವಳು.

ಇದಾದ ಮುಂದಿನ ಬೇಸಿಗೆಯಲ್ಲಿ ಅವಳ ಎಡಗಲ್ಲದ ಒಳಗೆ ಹುಣ್ಣಾಯಿತು. ನಿಪ್ಪಾಣಿ ಕಡೆಯ ಹಳೆಯ ಹೆಂಗಸರೆಲ್ಲರಂತೆ ಅವಳೂ ಮಿಸ್ರಿ ತಿಕ್ಕುತ್ತಿದ್ದಳು. ಮಿಸ್ರಿ ಎಂದರೆ ಹಂಚಿನ ಮೇಲೆ ತಂಬಾಕು ಕರಕಲಾಗುವವರೆಗೆ ಹುರಿದು ಮಾಡಿದ ಪುಡಿ. ಹಲ್ಲಿಗೆ ತಿಕ್ಕಿ ಅರ್ಧ ತಾಸು ಬಾಯಲ್ಲೇ ಇಟ್ಟುಕೊಳ್ಳುತ್ತಾರೆ. ಬಿಡು ಬಿಡು ಎಂದು ನಾನು ಬಾಯಿ ಬಡಿದುಕೊಂಡದ್ದು ಗಾಳಿಗೆ ಹೋಗಿತ್ತು. ಚಿಕ್ಕೋಡಿಯ ಡಾಕ್ಟರು ನೋಡಿ ಮಿರಜಿಗೆ ಕಳಿಸಿದರು. ಅಲ್ಲಿ ಆಪರೇಷನ್ ಮಾಡಿದರೆ ಜೀವಕ್ಕೆ ಭಯವಿಲ್ಲ, ಆದರೆ ಗಲ್ಲದ ಜೊತೆ ದವಡೆಯನ್ನೂ ತೆಗೆಯಬೇಕಾಗುತ್ತದೆ, ಮುಖ ಮೊದಲಿನಂತೆ ಇರುವುದಿಲ್ಲ ಎಂದರು. ಅವ್ವ ಸುಮ್ಮನೆ ತಲೆಯಾಡಿಸಿ, ಎಮ್ಮೆ ಕರು ಹಾಕುವುದರೊಳಗೆ ಮನೆಗೆ ಬಿಡುತ್ತೀರೋ ಎಂದು ಕೇಳಿದಳು.

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತಿದ್ದ ಅವಳನ್ನು ನೋಡುತ್ತ ನೋಡುತ್ತ ನನಗೆ ಒಂದು ಮಾತು ಹೊಳೆಯಿತು. ಈ ಮುಖದ ಒಂದು ನೆಟ್ಟನೆಯ ಫೋಟೊ ನನ್ನ ಹತ್ತಿರ ಇರಲಿಲ್ಲ. ಆಧಾರ್ ಕಾರ್ಡಿನಲ್ಲಿ ಅವಳು ಸಿಕ್ಕಿಬಿದ್ದ ಕಳ್ಳಿಯ ಹಾಗೆ ಕಾಣುತ್ತಾಳೆ. ನನ್ನ ಮದುವೆಯ ಫೋಟೊಗಳಲ್ಲಿ ಅಡಿಗೆಯವರ ಕಡೆ ತಿರುಗಿ ಏನೋ ಹೇಳುತ್ತಿದ್ದಾಳೆ, ಎಲ್ಲದರಲ್ಲೂ. ಆ ಸ್ಟೇಟಸ್ ಫೋಟೊ ಒಂದಿತ್ತು. ಗಲಾಟೆಯಾದ ದಿನವೇ ನನ್ನ ಅಣ್ಣ ಅದನ್ನು ಮಗನ ಮೊಬೈಲಿನಿಂದ ಅಳಿಸಿ ಹಾಕಿಸಿದ್ದ. ಆಪರೇಷನ್‌ಗೆ ಮುಂಚೆ ಅವ್ವನ ಫೋಟೊ ತೆಗೆದೇ ತೀರುತ್ತೇನೆಂದು ಬಸ್ಸಿನಲ್ಲೇ ಹಟ ಕಟ್ಟಿದೆ.

ಕೇಳಿದೆ. ಆಗುವುದಿಲ್ಲ ಎಂದಳು. ಮೆಸೇಜು ಓದುವ ನೆಪದಲ್ಲಿ ಒಮ್ಮೆ ಮೊಬೈಲ್ ಎತ್ತಿದೆ. ಅವಳು ಎದ್ದು ದನದ ಕೊಟ್ಟಿಗೆಗೆ ಹೋದಳು. ನನಗೂ ಸಿಟ್ಟು ಬಂತು. ಆ ಸಿಟ್ಟಾದರೂ ಎಲ್ಲಿಂದ ಬಂದದ್ದು, ಅವಳದೇ ಬಳುವಳಿ.

ಚಿಕ್ಕೋಡಿಯಲ್ಲಿ ನಾನು ಬ್ಲೌಸು ಹೊಲಿಯುತ್ತೇನೆ. ಅಂಗಡಿಯ ಟ್ರಂಕಿನಲ್ಲಿ ಅಸ್ತರದ ತುಂಡು ಹುಡುಕುವಾಗ ಹಳೆಯ ರೋಲಿನ ಕ್ಯಾಮೆರಾ ಕೈಗೆ ಬಂತು. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಕೊಲ್ಹಾಪುರದಲ್ಲಿ ಕೊಂಡದ್ದು. ತಿರುಗಿಸುವುದಿಲ್ಲ, ಹೊಂದಿಸುವುದಿಲ್ಲ, ಕಿಂಡಿಯಲ್ಲಿ ನೋಡಿ ಗುಂಡಿ ಒತ್ತಿದರೆ ಮುಗಿಯಿತು. ಎಷ್ಟು ಫೋಟೊ ಆದವೆಂದು ತೋರಿಸುವ ಅಂಕಿ ಯಾವಾಗಲೋ ಕೆಟ್ಟಿತ್ತು. ಎರಡು ಸೆಲ್ ಹಾಕಿದೆ. ಫ್ಲ್ಯಾಶು ಕುಂಯ್ ಎಂದು ಎಚ್ಚರವಾಯಿತು. ಅದರ ಕುಂಯ್‌ಗುಟ್ಟುವಿಕೆ ಕೇಳಿ ನನಗೆ ಸಣ್ಣ ಹುಡುಗಿಯ ಹಾಗೆ ಖುಷಿಯಾಯಿತು.

ರೋಲು ಎಲ್ಲಿ ಸಿಗಬೇಕು? ಪಕ್ಕದ ಸ್ಟುಡಿಯೊದವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಕ್ಕಾರ ಯಾವ ಕಾಲದಾಗ ಅದೀರಿ ಎಂದ. ಅವನ ಅಂಗಡಿಯಲ್ಲೇ ನಿಂತುಕೊಂಡೆ. ನಾನು ನಿಂತರೆ ಜಾಗ ಬಿಡುವವಳಲ್ಲ. ಕಡೆಗೆ ಕೊಲ್ಹಾಪುರಕ್ಕೆ ಫೋನ್ ಹಚ್ಚಿದ. ಅಲ್ಲಿ ಒಬ್ಬರು ಇನ್ನೂ ರೋಲು ತೊಳೆಯುತ್ತಾರಂತೆ, ಮಾರುತ್ತಾರಂತೆ. ಒಂದು ರೋಲು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚಿಕ್ಕೋಡಿಗೆ ಬಂತು.

ಬೇಡಕಿಹಾಳಕ್ಕೆ ಹೋಗಿ ಕ್ಯಾಮೆರಾವನ್ನು ಅವ್ವನ ಮಡಿಲಲ್ಲಿಟ್ಟೆ. ತಿರುಗಿಸಿ ಮುರುಗಿಸಿ ನೋಡಿದಳು. ಸಿಮ್ ಎಲ್ಲಿ ಹಾಕುತ್ತಾರೆ ಎಂದು ಕೇಳಿದಳು. ಇಲ್ಲ ಎಂದೆ. ನೆಟ್? ಅದೂ ಇಲ್ಲ.

"ಹಂಗಾರ ಇದರಾಗಿನ ಫೋಟೊ ತಾನಾಗಿ ಎಲ್ಲೂ ಹೋಗೂದಿಲ್ಲ?"

"ನಾ ಒಯ್ದಲ್ಲಿ ಹೊಕ್ಕೈತಿ, ನಾ ತಂದಲ್ಲಿ ಬರ್ತೈತಿ. ತೊಳದು ಬರಾಕ ಎಂಟ ದಿನಾ ಹಿಡೀತೈತಿ, ಯವ್ವಾ."

"ಇದು ಚಲೋ ಐತಿ," ಎಂದು ಎದ್ದು ಇಳಕಲ್ ಸೀರೆ ಉಡಲು ಒಳಗೆ ಹೋದಳು.

ಆ ಮಧ್ಯಾಹ್ನ ನನ್ನ ಬದುಕಿನ ಚೆಂದದ ಮಧ್ಯಾಹ್ನಗಳಲ್ಲಿ ಒಂದು. ಬಾಗಿಲಲ್ಲಿ ನಿಲ್ಲಿಸಿದೆ, ಎಮ್ಮೆಯ ಹತ್ತಿರ ನಿಲ್ಲಿಸಿದೆ, ಹಾಲಿನ ಕ್ಯಾನು ಹಿಡಿಸಿ ಅಂಗಳದಲ್ಲಿ ನಿಲ್ಲಿಸಿದೆ. ಮೊಬೈಲಿನ ರೂಢಿಗೆ ಮತ್ತೆ ಮತ್ತೆ ಅವಳ ಮುಖದ ಹತ್ತಿರಕ್ಕೇ ಹೋಗುತ್ತಿದ್ದೆ. ಈ ಕ್ಯಾಮೆರಾಕ್ಕೆ ಅಷ್ಟು ಹತ್ತಿರ ನಡೆಯುವುದಿಲ್ಲ ಎಂದು ನೆನಪಾಗಿ ಹಿಂದೆ ಸರಿಯುತ್ತಿದ್ದೆ. ನಗು ಎಂದರೆ ಮಿಸ್ರಿಯ ಕರಿ ಹಲ್ಲು ಕಾಣುತ್ತವೆಂದು ತುಟಿ ಬಿಗಿ ಹಿಡಿಯುತ್ತಿದ್ದಳು. ಹಿಟ್ಟಿನ ಡಬ್ಬಿಯ ಮೇಲೆ ಕ್ಯಾಮೆರಾ ಇಟ್ಟು, ತಾನಾಗಿ ಹೊಡೆಯುವ ಗುಂಡಿ ಒತ್ತಿ ಓಡಿ ಹೋಗಿ ಅವಳ ಪಕ್ಕದಲ್ಲಿ ನಿಂತೆ. ಕೆಂಪು ದೀಪ ಮಿಣುಕುವಾಗ ಅವಳು ನನ್ನ ಕೈ ಹಿಡಿದುಕೊಂಡಳು. ಮೈ ಮುಟ್ಟಿ ಮಾತಾಡಿಸುವ ಹೆಂಗಸಲ್ಲ.

ಕಬ್ಬಿನ ಬದುವಿನ ಮೇಲೆ ನಿಲ್ಲಿಸಿ ಹೊಡೆಯುತ್ತಿದ್ದಾಗ ದಬದಬ ಮಳೆ ಬಂತು. ಓಡಿ ಮನೆ ಸೇರುವುದರೊಳಗೆ ನಾವೂ ತೊಯ್ದೆವು, ಕ್ಯಾಮೆರಾವೂ ತೊಯ್ಯಿತು. ಸೆರಗಿನಿಂದ ಒರೆಸಿ ಗೋಡೆಯ ಮಾಡದಲ್ಲಿಟ್ಟೆ. ರೋಲು ಇನ್ನೂ ಮುಗಿದಿರಲಿಲ್ಲ. ಮದುವೆಯವರ ಬ್ಲೌಸುಗಳು ಕೂತಿದ್ದರಿಂದ ಆ ಸಂಜೆಯೇ ಚಿಕ್ಕೋಡಿಗೆ ಹೊರಟೆ. ಎರಡು ದಿನ ಬಿಟ್ಟು ಅವ್ವನನ್ನು ಮಿರಜಿಗೆ ಕರೆದೊಯ್ಯಲು ಬಂದಾಗ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡೆ.

ಆಪರೇಷನ್ ಆಯಿತು. ಜೀವ ಉಳಿಯಿತು. ಡಾಕ್ಟರು ಹೇಳಿದಂತೆ ಮುಖ ಉಳಿಯಲಿಲ್ಲ. ಬ್ಯಾಂಡೇಜು ಬಿಚ್ಚಿದ ದಿನ ನಾನು ಅವಳ ಕಾಲ ಬುಡದಲ್ಲಿ ನಿಂತಿದ್ದೆ. ಮುಖಕ್ಕಿಂತ ಕಾಲು ನೋಡುವುದು ಸುಲಭವಾಗಿತ್ತು.

ಮನೆಗೆ ತಂದಾಗ ನಮ್ಮ ವೈನಿ, ಅಣ್ಣನ ಹೆಂಡತಿ, ಕನ್ನಡಿಯ ಕಪಾಟಿನ ಮೇಲೆ ಹಳೆಯ ಸೀರೆ ಇಳಿಬಿಟ್ಟಿದ್ದಳು. ಅವ್ವ ಅದನ್ನು ಒಮ್ಮೆ ನೋಡಿದಳು. ಎಡಗಲ್ಲ ಮುಚ್ಚುವಂತೆ ಸೆರಗು ಎಳೆದುಕೊಂಡು ಒಳಗಿನ ಕೋಣೆಯಲ್ಲಿ ಕೂತವಳು ಹೊರಗೆ ಬರಲೇ ಇಲ್ಲ. ಗಾಯ ಮಾಯ್ದಿತು, ಎಮ್ಮೆ ಕರು ಹಾಕಿತು, ಎಲ್ಲ ಆಯಿತು. ಮೊದಲು ದಿನಾಲು ಸಂಜೆ ಡೈರಿಗೆ ಹಾಲು ಒಯ್ದು ಊರಿನ ಸುದ್ದಿಯೆಲ್ಲ ಮಾತಾಡಿ ಬರುತ್ತಿದ್ದವಳು, ಈಗ ಮಾತಾಡಿಸಲು ಬಂದವರಿಗೂ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ನಾನು ರಮಿಸಿದೆ, ಅತ್ತೆ, ಬೈದೆ. ಯಾರ ಮನೆಯಲ್ಲಿ ಕಳುವು ಮಾಡಿದ್ದೀಯೆಂದು ಮಾರಿ ಮುಚ್ಚಿಕೊಂಡಿದ್ದೀ ಎಂದು ರೇಗಿದೆ. ಗೋಡೆಗೆ ಹೇಳಿದ್ದೂ ಒಂದೇ, ಅವಳಿಗೆ ಹೇಳಿದ್ದೂ ಒಂದೇ.

ಒಂದು ರವಿವಾರ ನನ್ನ ಚೀಲದಲ್ಲಿ ಕ್ಯಾಮೆರಾ ಕಂಡಿತವಳಿಗೆ. ರೋಲು ಮುಗಿಯಿತೇನು ಎಂದಳು. ಮಾತು ಅರ್ಧ ಗಾಳಿಯಾಗಿ ಹೋಗುತ್ತಿತ್ತು, ಆದರೆ ಮನೆಯವರಿಗೆ ತಿಳಿಯುತ್ತಿತ್ತು. ಮುಗಿದಿಲ್ಲ, ಇದ್ದಷ್ಟೇ ತೊಳೆಯಲು ಕೊಡುತ್ತೇನೆ, ನಿನ್ನ ಮೊದಲಿನ ಫೋಟೊ ನೋಡಬೇಕಾಗಿದೆ ನನಗೆ ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ಖಾಲಿ ಮಾಡಿ ಕೊಡು. ನನ್ನಽ ಹೊಡಿ."

ಚೀಲದಿಂದ ಕ್ಯಾಮೆರಾ ತೆಗೆದು, ಯಾಕೆ ಎಂದು ಕೇಳಿದೆ.

"ಕನ್ನಡಿ ತಟ್ನ ತೋರಸ್ತೈತಿ. ನನ್ನ ಕಡಿಂದ ಆಗೂದಿಲ್ಲ. ಇದು ಎಂಟ ದಿನಾ ತಡಾ ಮಾಡಿ ತೋರಸ್ತೈತಿ. ಅಷ್ಟರಾಗ ನಾ ಗಟ್ಟಿ ಆಗ್ತೀನಿ."

ಹಿತ್ತಲ ಬಾಗಿಲ ಬೆಳಕಿನಲ್ಲಿ ಸ್ಟೂಲ್ ಹಾಕಿ ಕೂಡಿಸಿದೆ. ಸೆರಗನ್ನು ತಾನೇ ತೆಗೆದಳು. ಕಿಂಡಿಗೆ ಕಣ್ಣು ಹಚ್ಚಿದೆ. ಅಷ್ಟು ದಿನ ಓರೆಗಣ್ಣಿನಲ್ಲಿ ನೋಡಿದ್ದನ್ನು ಅವತ್ತು ನೆಟ್ಟಗೆ ನೋಡಬೇಕಾಯಿತು. ಗಲ್ಲ ಒಳಗೆ ಕುಸಿದಿತ್ತು, ತುಟಿ ಒಂದು ಕಡೆ ಜಗ್ಗಿತ್ತು, ಹೊಲಿಗೆಯ ಗೆರೆ ಕಿವಿಯಿಂದ ಗದ್ದದವರೆಗೆ ಇಳಿದಿತ್ತು. ಗುಂಡಿ ಒತ್ತಿದೆ. ಎದುರಿನಿಂದ, ಬಲಗಡೆಯಿಂದ, ಎಡಗಡೆಯಿಂದ. ಎಡಗಡೆಯಿಂದ ಇನ್ನೊಂದು ಹೊಡಿ ಎಂದು ಅವಳೇ ಹೇಳಿದಳು. ರೋಲು ಮುಗಿದು ಕ್ಯಾಮೆರಾ ಗರ್ರೆಂದು ತಾನೇ ಹಿಂದಕ್ಕೆ ಸುತ್ತಿಕೊಳ್ಳುವವರೆಗೂ ಹೊಡೆದೆ.

ತೊಳೆದು ಬಂದಿದೆ ಎಂದು ಸ್ಟುಡಿಯೊದವನು ಕರೆದಾಗ ಗಿರಾಕಿಯ ಅಳತೆ ಅರ್ಧಕ್ಕೇ ಬಿಟ್ಟು ಓಡಿದೆ. ಅವನು ಮೊದಲು ಫೋಟೊ ಕೊಡಲಿಲ್ಲ. ನೆಗೆಟಿವ್ ಪಟ್ಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದ. ಶುರುವಿನಿಂದ ಮುಕ್ಕಾಲು ಪಾಲು ಡಾಂಬರಿನ ಹಾಗೆ ಕಪ್ಪಾಗಿತ್ತು. ತೊಳೆಯುವ ಮೊದಲೇ ಯಾರೋ ಕ್ಯಾಮೆರಾದ ಹಿಂದಿನ ಮುಚ್ಚಳ ತೆಗೆದು ರೋಲಿಗೆ ಬೆಳಕು ತೋರಿಸಿದ್ದಾರೆ, ಆಗ ಇನ್ನೂ ಹೊಡೆಯದೆ ರೋಲಿನ ಡಬ್ಬಿಯೊಳಗೆ ಉಳಿದಿದ್ದ ತುದಿಯಷ್ಟೇ ಬದುಕಿದೆ ಎಂದ. ಕಂಪ್ಯೂಟರಿನಲ್ಲಿ ಏನಾದರೂ ಮಾಡಲು ಬರುತ್ತದೆಯೇ ಎಂದು ಗೋಗರೆದೆ. ಇಲ್ಲರಿ ಅಕ್ಕಾರ, ಹೋದದ್ದು ಹೋತು ಎಂದ. ಹಾಳಾದವರು ಯಾರು ತೆಗೆದರೋ! ಬಾಗಿಲು, ಎಮ್ಮೆ, ಹಾಲಿನ ಕ್ಯಾನು, ನನ್ನ ಕೈ ಹಿಡಿದುಕೊಂಡದ್ದು, ಯಾವುದೂ ಇರಲಿಲ್ಲ. ಕೈಗೆ ಬಂದದ್ದು ಹಿತ್ತಲ ಬಾಗಿಲಿನ ಫೋಟೊಗಳು ಮಾತ್ರ.

ಬೇಡಕಿಹಾಳ ಮುಟ್ಟುವವರೆಗೆ ಬಸ್ಸಿನಲ್ಲಿ ಹಲ್ಲು ಕಚ್ಚಿ ಕೂತಿದ್ದೆ. ಅಣ್ಣನ ಮಗನ ಹೊರತು ಮತ್ತಾರು ಮುಟ್ಟುತ್ತಾರೆ? ಟ್ರ್ಯಾಕ್ಟರಿನ ಕೆಳಗೆ ಗ್ರೀಸು ಹಚ್ಚುತ್ತಿದ್ದವನನ್ನು ಹೊರಗೆ ಕರೆದು ಅಂಗಳದಲ್ಲೇ ಜಾಡಿಸಿದೆ. ನಾ ಮುಟ್ಟಿಲ್ಲ ಅತ್ತಿ, ಅಜ್ಜಿ ಆಣಿ ಮುಟ್ಟಿಲ್ಲ ಎಂದು ಅವನು ಕೈ ಮುಗಿದ. ನಾನು ನಂಬದೆ ಇನ್ನೂ ಬೈಯುತ್ತಿದ್ದಾಗ ಅವ್ವ ಒಳಗಿನ ಕೋಣೆಯಿಂದ ಬಾಗಿಲವರೆಗೆ ಬಂದಳು.

"ಅವಗ ಬೈಬ್ಯಾಡ ಬೇ. ನಾನಽ ತಗದಿದ್ದೆ."

ಮಳೆಯ ಮರುದಿನ ಕ್ಯಾಮೆರಾ ಇನ್ನೂ ಹಸಿಯಾಗಿತ್ತಂತೆ. ತಂಬಾಕು ಬೆಳೆದ ಮನೆ ನಮ್ಮದು. ಹಸಿಯಾದ ಯಾವುದನ್ನೂ ಮುಚ್ಚಿಡಬಾರದು, ಬೂಸ್ಟು ಬರುವ ಮೊದಲು ಬಿಸಿಲಿಗೆ ಹಾಕಬೇಕು ಎಂಬುದು ಅವಳಿಗೆ ಉಸಿರಾಟದಷ್ಟೇ ರೂಢಿ. ಒಳಗಿನ ಫೋಟೊಗಳಿಗೆ ಬೂಸ್ಟು ಬಂದೀತೆಂದು ಮುಚ್ಚಳ ಬಿಚ್ಚಿ, ಮಾಳಿಗೆಯ ಮೇಲೆ ಮೆಣಸಿನಕಾಯಿಯ ಪಕ್ಕ ಕಂಬಳಿ ಹಾಸಿ, ಇಡೀ ಮಧ್ಯಾಹ್ನ ಬಿಸಿಲು ಕಾಯಿಸಿದ್ದಾಳೆ. ಎರಡೂ ಮಗ್ಗಲು ಒಣಗಲಿ ಎಂದು ನಡುವೆ ಒಮ್ಮೆ ಮಗುಚಿಯೂ ಹಾಕಿದ್ದಾಳೆ. ಆಮೇಲೆ ಒರೆಸಿ, ಮುಚ್ಚಿ, ಇದ್ದಲ್ಲೇ ಇಟ್ಟಿದ್ದಾಳೆ.

ಹೊಸ್ತಿಲ ಮೇಲೆ ಕುಸಿದು ಕೂತು ಅತ್ತೆ, ಸತ್ತವರ ಮನೆಯಲ್ಲಿ ಅತ್ತ ಹಾಗೆ ಅತ್ತೆ. ನನ್ನನ್ನು ಹೆತ್ತ ಮುಖ, ಬೈದ ಮುಖ, ಉಣಿಸಿದ ಮುಖ ಇನ್ನು ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಅವಳು ಸಮಾಧಾನ ಮಾಡಲಿಲ್ಲ. ನನ್ನ ಅಳು ಮುಗಿಯುವವರೆಗೆ ನಿಂತಿದ್ದು, ಆಮೇಲೆ ಕೈ ಚಾಚಿದಳು.

ಉಳಿದ ಫೋಟೊ ಅವಳಿಗೆ ತೋರಿಸಬಾರದೆಂದು ಬಸ್ಸಿನಲ್ಲಿ ನಿರ್ಧಾರ ಮಾಡಿದ್ದೆ. ಏನೂ ಬಂದಿಲ್ಲ ಎಂದೆ. ಅವಳು ಕೈ ಹಿಂದೆ ತೆಗೆಯಲಿಲ್ಲ.

"ಕೊಡು. ಗಟ್ಟಿ ಆಗೇನಿ."

ಕೊಟ್ಟೆ. ಒಂದನ್ನು ಆರಿಸಿಕೊಂಡು ಬೆಳಕಿಗೆ ಬಂದಳು. ಎಡಗಡೆಯಿಂದ ಹೊಡೆದದ್ದು. ವೈನಿ ಅಡಿಗೆಮನೆಯ ಬಾಗಿಲಲ್ಲಿ, ಅಣ್ಣನ ಮಗ ಟ್ರ್ಯಾಕ್ಟರಿನ ಹತ್ತಿರ, ನಾನು ಹೊಸ್ತಿಲ ಮೇಲೆ, ಎಲ್ಲರೂ ಅವಳನ್ನೇ ನೋಡಿದೆವು. ಅವಳು ಫೋಟೊದ ಗಲ್ಲದ ಮೇಲೆ ಬೆರಳಿಟ್ಟಳು, ಆಮೇಲೆ ತನ್ನ ಗಲ್ಲದ ಮೇಲೆ ಅದೇ ಜಾಗದಲ್ಲಿ ಬೆರಳಿಟ್ಟಳು. ಮತ್ತೆ ಫೋಟೊ, ಮತ್ತೆ ಗಲ್ಲ. ಹೊಲಿಗೆಯ ಗೆರೆಯುದ್ದಕ್ಕೂ ಹಾಗೇ ಇಳಿಯುತ್ತ ಬಂದಳು.

"ಇಷ್ಟಽ ಏನು?" ಎಂದಳು. "ಇದಕ್ಕ ಇಷ್ಟ ದಿನಾ ಅಂಜಿ ಒಳಗ ಕುಂತಿದ್ದೆ ನಾ?"

ಫೋಟೊವನ್ನು ನನ್ನ ಕೈಗೆ ಕೊಟ್ಟು, ಹೊತ್ತು ಎಷ್ಟಾಯಿತೆಂದು ವೈನಿಯನ್ನು ಕೇಳಿದಳು. ಡೈರಿಯ ಹೊತ್ತಾಗಿತ್ತು. ಕ್ಯಾನು ಎತ್ತಿಕೊಂಡಳು, ನಾನು ಹಿಡಿಯಲು ಹೋದರೆ ಬಿಡಲಿಲ್ಲ. ಸೆರಗನ್ನು ಗಲ್ಲದಿಂದ ಇಳಿಸಿ ಸೊಂಟಕ್ಕೆ ಸಿಗಿಸಿಕೊಂಡು ಓಣಿಗಿಳಿದಳು. ಕಟ್ಟೆಗಳ ಮೇಲೆ ಕೂತ ಜನ ಮಾತು ನಿಲ್ಲಿಸಿ ಅವಳ ಮುಖ ನೋಡಿದರು. ಅವಳೂ ಒಬ್ಬೊಬ್ಬರ ಮುಖ ನೋಡುತ್ತಲೇ ನಡೆದಳು.